ಒಣಗಿಸುವ ಗುಳಿಗೆಗಳ ಲೆಕ್ಕ

ಏಪ್ರಿಲ್ ತಿಂಗಳ ಒಂದು ರಾತ್ರಿ. ಛತ್ರಪತಿ ಸಂಭಾಜಿನಗರದ ರೈಲು ನಿಲ್ದಾಣದ ಹತ್ತಿರ ಒಂದು ಲಾಡ್ಜು. ನನ್ನ ಸೋದರತ್ತೆ, ವಯಸ್ಸು 74, ಹಾಸಿಗೆಯಲ್ಲಿ ಎದ್ದು ಕೂತು ಹೊದಿಕೆಯ ಮೇಲಿಂದ ಏನನ್ನೋ ಎರಡು ಬೆರಳಲ್ಲಿ ಹೆಕ್ಕಿ ಹೆಕ್ಕಿ ಪಕ್ಕಕ್ಕೆ ಇಡುತ್ತಿದ್ದರು. ಮೊರದಲ್ಲಿ ಅಕ್ಕಿ ಹಸನು ಮಾಡುತ್ತಾರಲ್ಲ, ಹಾಗೆ. ಹೊದಿಕೆಯ ಮೇಲೆ ಏನೂ ಇರಲಿಲ್ಲ. ದೀಪ ಹಾಕಿದೆ. "ತಮ್ಮಾ, ಆ ಹುಡುಗೂರು ಗ್ವಾಡಿಗೆ ಆತು ಯಾಕ ನಿಂತಾವು? ಹಸದಿರಬೇಕು, ಒಳಗ ಕರಿ" ಅಂದರು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ತೊದಲುತ್ತಿತ್ತು.

ಹಿಂದಿನ ದಿನವಷ್ಟೇ ತ್ರ್ಯಂಬಕೇಶ್ವರದಲ್ಲಿ ಕುಶಾವರ್ತ ಕುಂಡದ ಮೆಟ್ಟಿಲನ್ನು ನನ್ನ ಕೈ ಹಿಡಿಯದೆ ಇಳಿದು ಬಂದವರು ಅವರು. ಆ ಬೆಳಿಗ್ಗೆ ನಾಸಿಕ್ ಬಿಟ್ಟು ಯೇವಲಾ, ವೈಜಾಪುರ ದಾಟಿ ಬಸ್ಸಿನಲ್ಲಿ ಬಂದಿದ್ದೆವು. ಮರುದಿನ ವೇರೂಳದ ಘೃಷ್ಣೇಶ್ವರನ ದರ್ಶನ, ಹಾಗೇ ರಾಷ್ಟ್ರಕೂಟರ ಒಂದನೆಯ ಕೃಷ್ಣ ಕಡೆಸಿದ ಕೈಲಾಸ ದೇವಾಲಯ ನೋಡುವುದು ಅಂತ ಗೊತ್ತುಮಾಡಿಕೊಂಡಿದ್ದೆವು. ವೇರೂಳದ ಆಚೆ ಅದೇ ರಸ್ತೆಯಲ್ಲಿ 'ಕನ್ನಡ' ಅನ್ನುವ ಹೆಸರಿನದೇ ಒಂದು ತಾಲ್ಲೂಕು ಇದೆ ಅಂತ ತಿಳಿದಾಗಿನಿಂದ ಅತ್ತೆಗೆ ಆ ಊರಿನ ಫಲಕವನ್ನಾದರೂ ನೋಡಬೇಕು ಅನ್ನುವ ಆಸೆ. ಅಷ್ಟು ಚುರುಕಾಗಿದ್ದ ಜೀವ ಹನ್ನೆರಡು ತಾಸಿನಲ್ಲಿ ಹೀಗೆ ಆಗಿದ್ದು ಕಂಡು ಪಾರ್ಶ್ವವಾಯು ಹೊಡೆಯಿತೇನೋ ಅಂತ ನನ್ನ ಕೈಕಾಲು ತಣ್ಣಗಾದವು.

ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಾತ್ರಿ ಪಾಳಿಯ ವೈದ್ಯ ಎಳೆಯ ಹುಡುಗ. ಸಕ್ಕರೆ ನೋಡಿದ, ಕೈಕಾಲು ಎತ್ತಿಸಿದ, ಕಣ್ಣಿಗೆ ಟಾರ್ಚು ಬಿಟ್ಟ. ಬೆಳಕು ಬಿದ್ದರೂ ಪಾಪೆ ಕುಗ್ಗಲಿಲ್ಲ, ಅಗಲವಾಗಿಯೇ ಇತ್ತು. ಆಮೇಲೆ ಅವನು ಮಾಡಿದ್ದನ್ನು ನಾನು ಮರೆಯಲಾರೆ. ಅತ್ತೆಯ ಕಂಕುಳಲ್ಲಿ ಬೆರಳಿಟ್ಟು ಒಂದು ಕ್ಷಣ ಸುಮ್ಮನೆ ನಿಂತ. ಹೊರಗೆ ಸೆಕೆ, ಒಳಗೆ ಮೈ ಬಿಸಿ, ಆದರೆ ಕಂಕುಳು ಕಾಗದದ ಹಾಗೆ ಒಣಗಿತ್ತು. "ಘಾಮ್ ನಾಹೀ" ಅಂತ ನರ್ಸಿಗೆ ಹೇಳಿದ. ಬೆವರಿಲ್ಲ. ಕಿಬ್ಬೊಟ್ಟೆ ಬಡಿದು ನೋಡಿದ. ಮೂತ್ರಕೋಶ ಮಡಕೆಯ ಹಾಗೆ ತುಂಬಿ ನಿಂತಿತ್ತು. ನನ್ನ ಕಡೆ ತಿರುಗಿ, "ಇವರು ತೆಗೆದುಕೊಳ್ಳುವ ಗುಳಿಗೆ ಎಲ್ಲ ತನ್ನಿ, ಒಂದೂ ಬಿಡದೆ" ಅಂದ.

ಅತ್ತೆಯ ಕೈಚೀಲವನ್ನೇ ಮಂಚದ ಮೇಲೆ ಸುರಿದೆ. ಬಿಪಿಯದು, ಸಕ್ಕರೆಯದು ಅವನು ಬದಿಗೆ ಸರಿಸಿದ. ನಾಲ್ಕು ಪಟ್ಟಿಗಳನ್ನು ಸಾಲಾಗಿ ಇಟ್ಟ. ಪದೇ ಪದೇ ಮೂತ್ರಕ್ಕೆ ಅವಸರ ಆಗುತ್ತದೆಂದು ಒಬ್ಬ ವೈದ್ಯರು ಬರೆದಿದ್ದ ಸೋಲಿಫೆನಾಸಿನ್. ಅಂಗಾಲು ಉರಿಯುತ್ತದೆಂದು ಇನ್ನೊಬ್ಬರು ರಾತ್ರಿಗೆ ಬರೆದಿದ್ದ ಅಮಿಟ್ರಿಪ್ಟಿಲಿನ್. ನಾಸಿಕ್‌ನಲ್ಲಿ ಮೂಗು ಸೋರಿತೆಂದು ನಾನೇ ಔಷಧದಂಗಡಿಯಲ್ಲಿ ಕೇಳಿ ತಂದ, ಕ್ಲೋರ್‌ಫೆನಿರಮಿನ್ ಇದ್ದ ನೆಗಡಿ ಗುಳಿಗೆ. ಬಸ್ಸಿನಲ್ಲಿ ವಾಂತಿ ಆಗಬಾರದೆಂದು ನಾನೇ ಕೊಟ್ಟ ಅವೊಮಿನ್, ಅಂದರೆ ಪ್ರೊಮೆಥಜಿನ್. "ಈ ನಾಲ್ಕೂ ಅಣ್ಣತಮ್ಮಂದಿರು" ಅಂದ ವೈದ್ಯ.

ಆ ಅಣ್ಣತಮ್ಮಂದಿರ ಮನೆತನದ ಹೆಸರು ಆಂಟಿಕೊಲಿನರ್ಜಿಕ್. ಹೆಸರು ಕೇಳಿರದವರು ಬಹಳ ಮಂದಿ, ಆದರೆ ಈ ಗುಳಿಗೆ ಇಲ್ಲದ ಮನೆ ಅಪರೂಪ. ಅದಕ್ಕೇ ಈ ಲೇಖನ.

ಹಳೇ ಮೈಸೂರಿನ ಕೆರೆಯ ಊರುಗಳಲ್ಲಿ ನೀರ್ಗಂಟಿ ಅಂತ ಒಬ್ಬನಿರುತ್ತಿದ್ದ. ಯಾವ ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ನೀರು ಹೋಗಬೇಕು ಎನ್ನುವುದು ಅವನ ಕೈಯಲ್ಲಿ. ನಮ್ಮ ಮೈಯಲ್ಲಿ ಆ ಕೆಲಸ ಮಾಡುವುದು ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕ. ನರದ ತುದಿಯಿಂದ ಹೊರಟು ಜೊಲ್ಲಿನ ಗ್ರಂಥಿ, ಕಣ್ಣೀರಿನ ಗ್ರಂಥಿ, ಬೆವರಿನ ಗ್ರಂಥಿ, ಶ್ವಾಸನಾಳ, ಕರುಳು, ಮೂತ್ರಕೋಶ ಹೀಗೆ ಒಂದೊಂದು ತೂಬಿನ ಹತ್ತಿರ ಹೋಗಿ ಅದನ್ನು ತೆರೆಯುತ್ತದೆ. ಬಾಯಿ ಒದ್ದೆಯಾಗುತ್ತದೆ, ಕರುಳು ಮುಂದಕ್ಕೆ ತಳ್ಳುತ್ತದೆ, ಶ್ವಾಸನಾಳ ಬಿಗಿಯುತ್ತದೆ, ಮೂತ್ರಕೋಶ ಹಿಂಡಿಕೊಳ್ಳುತ್ತದೆ, ಕಣ್ಣಿನ ಪಾಪೆ ಕುಗ್ಗುತ್ತದೆ. ಹೃದಯದಲ್ಲಿ ಮಾತ್ರ ಅದು ಕಡಿವಾಣ: ಬಡಿತವನ್ನು ನಿಧಾನ ಮಾಡುತ್ತದೆ. ಮಿದುಳಿನಲ್ಲಿ ನೆನಪಿಗೂ ಗಮನಕ್ಕೂ ಅದೇ ಬೇಕು. ಕೆಲಸ ಮುಗಿದೊಡನೆ ಕೊಲಿನ್‌ಎಸ್ಟರೇಸ್ ಅನ್ನುವ ಕಿಣ್ವ ಅದನ್ನು ಒಡೆದುಹಾಕುತ್ತದೆ. ನೀರ್ಗಂಟಿಯನ್ನು ಮನೆಗೆ ಕಳಿಸಿದ ಹಾಗೆ.

ನರಗಳು ಹೀಗೆ ರಾಸಾಯನಿಕದ ಮೂಲಕ ಮಾತಾಡುತ್ತವೆ ಅಂತ ತೋರಿಸಿದ್ದು ಆಟೊ ಲೋವಿ ಎಂಬ ವಿಜ್ಞಾನಿ, 1921ರಲ್ಲಿ. ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಬಡಿತ ನಿಧಾನ ಮಾಡಿದರು. ಆ ಹೃದಯ ಮುಳುಗಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದು ನಿಧಾನವಾಯಿತು. ದ್ರವದಲ್ಲಿದ್ದದ್ದು ಅಸಿಟೈಲ್‌ಕೊಲಿನ್. 1936ರ ನೊಬೆಲ್ ಬಹುಮಾನ ಅವರಿಗೂ ಹೆನ್ರಿ ಡೇಲ್ ಅವರಿಗೂ ಬಂತು.

ಆಂಟಿಕೊಲಿನರ್ಜಿಕ್ ಔಷಧಗಳು ಮಾಡುವುದು ಇಷ್ಟೆ: ತೂಬಿನ ಬಾಯಿಗೆ ಅಡ್ಡ ಕೂರುತ್ತವೆ. ನೀರ್ಗಂಟಿ ಬರುತ್ತಾನೆ, ಜಾಗ ಖಾಲಿ ಇಲ್ಲ, ವಾಪಸು ಹೋಗುತ್ತಾನೆ. ಆದರೆ ಹೊಟ್ಟೆನೋವಿಗೆ ನುಂಗಿದ ಗುಳಿಗೆ ರಕ್ತದಲ್ಲಿ ಮೈಯೆಲ್ಲ ಸುತ್ತುತ್ತದೆ. ಹೊಟ್ಟೆಯ ತೂಬು ಯಾವುದು, ಕಣ್ಣಿನ ತೂಬು ಯಾವುದು ಅನ್ನುವ ಭೇದ ಅದಕ್ಕೆ ಗೊತ್ತಾಗದು, ಸಿಕ್ಕಿದ್ದನ್ನೆಲ್ಲ ಮುಚ್ಚುತ್ತದೆ. ಈ ಮನೆತನದ ಮದ್ದಿಗೆ ಅಡ್ಡಪರಿಣಾಮ ಅಂತ ಬೇರೆ ಏನೂ ಇಲ್ಲ. ಅದೇ ಪರಿಣಾಮ ಬೇಡದ ಜಾಗದಲ್ಲಿ ಆದರೆ ಅದನ್ನು ಅಡ್ಡಪರಿಣಾಮ ಅನ್ನುತ್ತೇವೆ. ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಈ ಮನೆತನದ ಮೂಲಪುರುಷ ನಮ್ಮ ಬೇಲಿಯಲ್ಲೇ ಬೆಳೆಯುತ್ತಾನೆ. ದತ್ತೂರ, ಉಮ್ಮತ್ತ, ಮದಗುಣಿಕೆ ಅಂತ ನಾವು ಕರೆಯುವ ಗಿಡ, ಮರಾಠಿಯಲ್ಲಿ ಧೋತ್ರಾ. ಶಿವರಾತ್ರಿಗೆ ಬಿಲ್ವದ ಜೊತೆ ಅದರ ಹೂವನ್ನೂ ಮುಳ್ಳುಕಾಯಿಯನ್ನೂ ಶಿವನಿಗೆ ಏರಿಸುವುದು ಮಹಾರಾಷ್ಟ್ರದಲ್ಲಿ ವಾಡಿಕೆ. ನಾಸಿಕ್ ಜಿಲ್ಲೆಯಲ್ಲಿ ತ್ರ್ಯಂಬಕೇಶ್ವರ, ಸಂಭಾಜಿನಗರ ಜಿಲ್ಲೆಯಲ್ಲಿ ಘೃಷ್ಣೇಶ್ವರ, ಎರಡು ಜ್ಯೋತಿರ್ಲಿಂಗಗಳ ಈ ಸೀಮೆಯಲ್ಲಿ ಆ ಕಾಯಿಯ ಪರಿಚಯ ಇಲ್ಲದವರಿಲ್ಲ. ಸಂಸ್ಕೃತದಲ್ಲಿ ಅದಕ್ಕೆ 'ಉನ್ಮತ್ತ' ಅನ್ನುವ ಹೆಸರೂ ಉಂಟು. ತಿಂದವನಿಗೆ ಏನಾಗುತ್ತದೆ ಅನ್ನುವುದನ್ನು ನಮ್ಮ ಹಿರಿಯರು ಹೆಸರಿನಲ್ಲೇ ಬರೆದಿಟ್ಟರು. ದತ್ತೂರದ ಬೀಜ, ಎಲೆ, ಹೂವು ಎಲ್ಲದರಲ್ಲೂ ಹಯೊಸಯಮಿನ್, ಅಟ್ರೊಪಿನ್, ಸ್ಕೊಪೊಲಮಿನ್ ಇವೆ. ಬೀಜ ನೋಡಲು ಮೆಣಸಿನಕಾಯಿಯ ಬೀಜದಂತೆಯೇ ಇರುವುದರಿಂದ ಮೋಸಕ್ಕೂ ಆಕಸ್ಮಿಕಕ್ಕೂ ಎರಡಕ್ಕೂ ದಾರಿಯಾಗಿದೆ. ದೇವರಿಗೆ ಏರಿಸಿದ ಕಾಯಿ ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳಿ. ತಿಂದದ್ದು ಕಂಡರೆ ವಾಂತಿ ಮಾಡಿಸಲು ಹೋಗಬೇಡಿ. ಉಳಿದ ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಓಡಿ.

ದತ್ತೂರದ ಎಲೆಯ ಹೊಗೆ ಸೇದಿದರೆ ಉಬ್ಬಸ ಕಡಿಮೆಯಾಗುತ್ತದೆ ಎನ್ನುವುದು ನಮ್ಮಲ್ಲಿ ಹಳೆಯ ತಿಳುವಳಿಕೆ. 19ನೇ ಶತಮಾನದ ಆರಂಭದಲ್ಲಿ ಆ ಚಿಕಿತ್ಸೆ ಮದರಾಸಿನಿಂದ ಇಂಗ್ಲೆಂಡಿಗೆ ಹೋಯಿತು. ಯುರೋಪಿನಲ್ಲಿ ಇದೇ ಗುಣದ ಬೆಲ್ಲಡೋನ ಗಿಡವಿತ್ತು. ಅದರ ರಸ ಕಣ್ಣಿಗೆ ಬಿಟ್ಟುಕೊಂಡರೆ ಪಾಪೆ ಅರಳಿ ಕಣ್ಣು ಚೆಲುವಾಗಿ ಕಾಣುತ್ತದೆಂದು ಹೆಂಗಸರು ಬಳಸುತ್ತಿದ್ದರಂತೆ. ಇಟಲಿಯ ಮಾತಿನಲ್ಲಿ ಬೆಲ್ಲಡೋನ ಅಂದರೆ ಚೆಲುವೆ. ಆ ಗಿಡದಿಂದ ಅಟ್ರೊಪಿನ್ ಬೇರ್ಪಟ್ಟದ್ದು 1830ರ ದಶಕದಲ್ಲಿ. ಹೆಸರು ಬಂದದ್ದು ಗ್ರೀಕರ ಅಟ್ರೊಪಾಸ್‌ಳಿಂದ, ಆಯುಷ್ಯದ ನೂಲನ್ನು ಕತ್ತರಿಸುವ ದೇವತೆಯಿಂದ. ಇಂದು ನೆಬ್ಯುಲೈಜರ್‌ಗೆ ಹಾಕುವ ಡ್ಯುಯೊಲಿನ್‌ನಲ್ಲಿರುವ ಇಪ್ರಟ್ರೋಪಿಯಂ, ದಿನಕ್ಕೊಮ್ಮೆ ಎಳೆದುಕೊಳ್ಳುವ ಟಿಯೊಟ್ರೋಪಿಯಂ, ಎರಡೂ ಆ ಹಳೆಯ ಹೊಗೆಯ ಮೊಮ್ಮಕ್ಕಳು. ಬೀಡಿ ಸೇದಿ ಅಥವಾ ಒಲೆಯ ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರಿಗೆ ಇವು ಉಸಿರು ಕೊಟ್ಟಿವೆ. ಎಳೆದುಕೊಂಡ ಮದ್ದು ಬಹುಪಾಲು ಶ್ವಾಸನಾಳದಲ್ಲೇ ನಿಲ್ಲುವುದರಿಂದ ಬಾಯಿ ಒಣಗುವುದು ಬಿಟ್ಟರೆ ತೊಂದರೆ ಕಡಿಮೆ.

ಉಳಿದವರನ್ನು ಬೇಗ ಪರಿಚಯಿಸುತ್ತೇನೆ. ಹೊಟ್ಟೆ ಕಿವುಚುವ ನೋವಿಗೂ ಮುಟ್ಟಿನ ನೋವಿಗೂ ನಮ್ಮಲ್ಲಿ ಎಲ್ಲರೂ ಕೇಳಿ ಪಡೆಯುವ ಸೈಕ್ಲೋಪಾಮ್, ಮೆಫ್ಟಾಲ್ ಸ್ಪಾಸ್ ಗುಳಿಗೆಗಳಲ್ಲಿ ಡೈಸೈಕ್ಲೋಮಿನ್ ಇದೆ. ಬಸ್ಕೋಪಾನ್‌ನಲ್ಲಿರುವ ಹಯೊಸಿನ್ ಬ್ಯೂಟೈಲ್‌ಬ್ರೋಮೈಡ್ ಮಿದುಳಿಗೆ ಅಷ್ಟಾಗಿ ದಾಟದು, ಅದರ ಒಳ್ಳೆಯ ಗುಣ ಅದು. ಕಣ್ಣಿನ ಪರೀಕ್ಷೆಗೆ ಮುಂಚೆ ಹನಿ ಹಾಕಿ ಅರ್ಧ ಗಂಟೆ ಕೂರಿಸುತ್ತಾರಲ್ಲ, ಅದು ಹೆಚ್ಚಾಗಿ ಟ್ರಾಪಿಕಮೈಡ್. ಕೆಲವು ಗಂಟೆ ಹತ್ತಿರದ ಅಕ್ಷರ ಮಸುಕು, ಬಿಸಿಲು ಚುಚ್ಚುತ್ತದೆ. ಆ ಹೊತ್ತಿನಲ್ಲಿ ಗಾಡಿ ಓಡಿಸಬಾರದು. ಶಸ್ತ್ರಚಿಕಿತ್ಸೆಯ ವೇಳೆ ಜೊಲ್ಲು ಕಫ ಶ್ವಾಸನಾಳಕ್ಕೆ ಇಳಿಯದಂತೆ ಗ್ಲೈಕೊಪೈರೊಲೇಟ್ ಚುಚ್ಚುತ್ತಾರೆ. ಮಾನಸಿಕ ಕಾಯಿಲೆಯ ಕೆಲವು ಮದ್ದುಗಳಿಂದ ಕೈ ನಡುಕ, ಮೈ ಬಿಗಿತ ಬಂದಾಗ ಪ್ಯಾಸಿಟೇನ್, ಅಂದರೆ ಟ್ರೈಹೆಕ್ಸಿಫೆನಿಡಿಲ್, ಕೊಡುತ್ತಾರೆ. ಪಾರ್ಕಿನ್ಸನ್ ನಡುಕಕ್ಕೂ ಅದು ಇದೆ. ಮೂತ್ರದ ಅವಸರಕ್ಕೆ ಆಕ್ಸಿಬ್ಯುಟಿನಿನ್, ಟೋಲ್ಟೆರೊಡಿನ್, ಸೋಲಿಫೆನಾಸಿನ್. ಇವರೆಲ್ಲ ಬಾಗಿಲ ಮೇಲೆ ಹೆಸರು ಬರೆದುಕೊಂಡವರು.

ಹೆಸರು ಬರೆದುಕೊಳ್ಳದವರದೇ ಕಷ್ಟ. ನೆಗಡಿಯ ಕ್ಲೋರ್‌ಫೆನಿರಮಿನ್, ಕೆಮ್ಮಿನ ಔಷಧದ ಡೈಫೆನ್‌ಹೈಡ್ರಮಿನ್, ತುರಿಕೆಯ ಹೈಡ್ರಾಕ್ಸಿಜಿನ್, ಬಸ್ಸಿನ ವಾಂತಿಯ ಪ್ರೊಮೆಥಜಿನ್, ಖಿನ್ನತೆಗೆಂದು ಹುಟ್ಟಿ ಈಗ ನರದ ಉರಿಗೂ ತಲೆನೋವಿಗೂ ಬಳಕೆಯಾಗುವ ಅಮಿಟ್ರಿಪ್ಟಿಲಿನ್. ಇವನ್ನು ಅಲರ್ಜಿಯ ಗುಳಿಗೆ, ನಿದ್ದೆಯ ಗುಳಿಗೆ, ನರದ ಗುಳಿಗೆ ಅಂತ ಕರೆಯುತ್ತೇವೆ. ತೂಬಿಗೆ ಅಡ್ಡ ಕೂರುವುದರಲ್ಲಿ ಇವು ಯಾರಿಗೂ ಕಡಿಮೆ ಇಲ್ಲ.

ಇಷ್ಟು ಓದಿ ಈ ಮನೆತನವೇ ಕೆಟ್ಟದ್ದು ಅಂತ ಯಾರಿಗೂ ಅನ್ನಿಸಬಾರದು. ಅದಕ್ಕಾಗಿ ನಾಸಿಕ್‌ನ ದ್ರಾಕ್ಷಿ ತೋಟಕ್ಕೆ ಹೋಗಬೇಕು.

ನಿಫಾಡ್, ದಿಂಡೋರಿ, ಪಿಂಪಳಗಾಂವ್ ಬಸವಂತ್ ಸುತ್ತಮುತ್ತ ಕಣ್ಣು ಹಾಯುವವರೆಗೂ ದ್ರಾಕ್ಷಿ ಚಪ್ಪರ. ನಮ್ಮ ವಿಜಯಪುರ, ಜಮಖಂಡಿ, ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಈ ಊರುಗಳು ನೆಂಟರ ಊರಿನಷ್ಟು ಪರಿಚಿತ. ಬಳ್ಳಿ ಸವರುವುದಕ್ಕೆ ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅನ್ನುವ ಮಾತು ಎರಡೂ ಕಡೆ ಒಂದೇ. ಅಕ್ಟೋಬರ್ ಚಾಟ್ನಿಯಿಂದ ಹಣ್ಣು ಇಳಿಯುವವರೆಗೆ ಔಷಧಿ ಹೊಡೆಯುವುದು ನಿಲ್ಲದು. ಅದರಲ್ಲಿ ಹೆಚ್ಚಿನದು ಬೂಷ್ಟಿನ ರೋಗಕ್ಕೆ ಹೊಡೆಯುವುದು, ನಮ್ಮ ವಿಷಯಕ್ಕೆ ಸಂಬಂಧವಿಲ್ಲ. ಆದರೆ ನುಸಿಗೆ, ಹಿಟ್ಟು ತಿಗಣೆಗೆ ಹೊಡೆಯುವ ಕೀಟನಾಶಕಗಳಲ್ಲಿ ಆರ್ಗನೊಫಾಸ್ಫೇಟ್, ಕಾರ್ಬಮೇಟ್ ಅನ್ನುವ ಎರಡು ಗುಂಪುಗಳಿವೆ. ಇವು ಕೊಲ್ಲುವುದು ಕೊಲಿನ್‌ಎಸ್ಟರೇಸ್ ಕಿಣ್ವವನ್ನು ಹಿಡಿದು. ಹುಳುವಿನಲ್ಲಿ ಹೇಗೋ ಮನುಷ್ಯನಲ್ಲೂ ಹಾಗೆ. ನೀರ್ಗಂಟಿಯನ್ನು ಮನೆಗೆ ಕಳಿಸುವವನೇ ಸತ್ತ ಮೇಲೆ ತೂಬುಗಳೆಲ್ಲ ತೆರೆದೇ ಉಳಿಯುತ್ತವೆ.

ಅಂಥ ರೋಗಿಯನ್ನು ನೋಡಿದವರು ಮರೆಯುವುದಿಲ್ಲ. ಬಾಯಲ್ಲಿ ಜೊಲ್ಲು ನೊರೆಯಾಗಿ ಹರಿಯುತ್ತದೆ, ಕಣ್ಣು ಸೋರುತ್ತದೆ, ಬೆವರು ಬಟ್ಟೆ ತೋಯಿಸುತ್ತದೆ, ಮಲ ಮೂತ್ರ ಹಿಡಿತಕ್ಕೆ ಸಿಗವು. ಪಾಪೆ ಸೂಜಿಮೊನೆಯಷ್ಟು. ನಾಡಿ ಕುಸಿಯುತ್ತದೆ. ಎದೆಯಲ್ಲಿ ಗೊರಗೊರ ಸದ್ದು. ತನ್ನದೇ ಕಫದಲ್ಲಿ ಮನುಷ್ಯ ಮುಳುಗುತ್ತಿರುತ್ತಾನೆ. ಈಗ ಆ ತೆರೆದ ತೂಬುಗಳಿಗೆ ಅಡ್ಡ ಕೂರುವವನು ಬೇಕು. ಅವನೇ ಅಟ್ರೊಪಿನ್.

ನಮ್ಮಲ್ಲಿ ಅಟ್ರೊಪಿನ್ ಸಾಮಾನ್ಯವಾಗಿ 0.6 ಮಿಲಿಗ್ರಾಮಿನ ಪುಟ್ಟ ಗಾಜಿನ ಆಂಪೂಲಿನಲ್ಲಿ ಬರುತ್ತದೆ, ಕಿರುಬೆರಳಿನಷ್ಟು ಉದ್ದ. ನಾಡಿ ನಿಧಾನವಾದ ಹೃದ್ರೋಗಿಗೆ ಒಂದೆರಡು ಸಾಕಾಗಬಹುದು. ಕೀಟನಾಶಕದ ರೋಗಿಗೆ ಮೂರರಿಂದ ಐದು ಒಡೆದು ಒಮ್ಮೆಗೇ ರಕ್ತನಾಳಕ್ಕೆ ಕೊಡುತ್ತಾರೆ. ಐದು ನಿಮಿಷ ಕಾದು ಎದೆಗೆ ಸ್ಟೆತಸ್ಕೋಪು ಇಡುತ್ತಾರೆ. ಗೊರಗೊರ ನಿಂತಿಲ್ಲವೇ, ಎರಡರಷ್ಟು. ಮತ್ತೆ ಐದು ನಿಮಿಷ, ಮತ್ತೆ ಎರಡರಷ್ಟು. ಕಣ್ಣಿನ ಪಾಪೆ ಅರಳುವುದಲ್ಲ ಗುರಿ. ಎದೆ ತಿಳಿಯಾಗಬೇಕು, ನಾಡಿ 80 ದಾಟಬೇಕು, ರಕ್ತದೊತ್ತಡದ ಮೇಲಿನ ಅಂಕಿ 80ಕ್ಕಿಂತ ಮೇಲೆ ನಿಲ್ಲಬೇಕು. ಹೀಗೆ ಬೇಗ ಬೇಗ ಏರಿಸುವ ಕ್ರಮವನ್ನು ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ಹಳೆಯ ಕ್ರಮದ ಎದುರು ಇಟ್ಟು ಪರೀಕ್ಷಿಸಿದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಹಳೆಯ ಕ್ರಮದಲ್ಲಿ 100ಕ್ಕೆ ಸುಮಾರು 22 ಮಂದಿ ತೀರಿಕೊಂಡಿದ್ದರೆ ಹೊಸ ಕ್ರಮದಲ್ಲಿ 8 ಮಂದಿ. ಕೆಲವು ರೋಗಿಗಳಿಗೆ ದಿನಗಟ್ಟಲೆ ಹನಿಹನಿಯಾಗಿ ಅಟ್ರೊಪಿನ್ ಹರಿಸಬೇಕಾಗುತ್ತದೆ. ಮರಾಠವಾಡದ ಹತ್ತಿ ಸೀಮೆಯ ಹಳ್ಳಿಗಳಿಂದ ಕಠಿಣ ರೋಗಿಗಳು ಬಂದು ಸೇರುವ ದೊಡ್ಡ ಸರಕಾರಿ ಆಸ್ಪತ್ರೆ ಸಂಭಾಜಿನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆ. ಜನ ಅದನ್ನು 'ಘಾಟಿ' ಅನ್ನುತ್ತಾರೆ. ಇಂಥ ಆಸ್ಪತ್ರೆಯಲ್ಲಿ ಅಟ್ರೊಪಿನ್ ದಾಸ್ತಾನು ಎಂದೂ ಖಾಲಿಯಾಗಬಾರದು.

ಪ್ರಮಾಣ ಮೀರಿದರೆ ಏನಾಗುತ್ತದೆ? ಜ್ವರ ಏರುತ್ತದೆ, ಕರುಳಿನ ಸದ್ದು ನಿಲ್ಲುತ್ತದೆ, ರೋಗಿ ಗಾಳಿಯಲ್ಲಿ ಕೈ ಆಡಿಸಿ ಹಾಸಿಗೆಯಿಂದ ಏನನ್ನೋ ಹೆಕ್ಕತೊಡಗುತ್ತಾನೆ. ನಮ್ಮ ಅತ್ತೆಯ ಹಾಗೆಯೇ. ಆಗ ವೈದ್ಯರು ಅಟ್ರೊಪಿನ್ ನಿಲ್ಲಿಸಿ, ತಿಳಿಯಾದ ಮೇಲೆ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುಮಾಡುತ್ತಾರೆ.

2017ರಲ್ಲಿ ಇದೇ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಕುಡಿದು ಸತ್ತವರಲ್ಲ, ಹೊಡೆಯುತ್ತ ಸತ್ತವರು. ಈ ವಿಷ ಚರ್ಮದಿಂದಲೂ ಇಳಿಯುತ್ತದೆ. ಡೈಕ್ಲೋರ್‌ವಾಸ್, ಫೋರೇಟ್, ಟ್ರೈಅಜೊಫಾಸ್ ಮಾರಾಟ 2020ರ ಕೊನೆಗೆ ನಿಷೇಧವಾಯಿತು. ಮೆಥೊಮಿಲ್ ಮೇಲೆ 2023ರಲ್ಲಿ ನಿಷೇಧ ಬಂತು. ನಿಷೇಧವಾಗದವು ಇನ್ನೂ ಇವೆ. ಆದ್ದರಿಂದ ತೋಟದಲ್ಲಿ ಯಾರಿಗಾದರೂ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜು ಒಟ್ಟಿಗೆ ಶುರುವಾದರೆ ಬಟ್ಟೆ ಬಿಚ್ಚಿಸಿ, ಸಾಬೂನು ನೀರಿನಿಂದ ಮೈ ತೊಳೆಯಿರಿ, 108ಕ್ಕೆ ಕರೆ ಮಾಡಿ, ಬಾಟಲಿಯನ್ನು ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಿರಿ. ಮಜ್ಜಿಗೆ ಕುಡಿಸುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. ಅದು ಶ್ವಾಸನಾಳಕ್ಕೆ ಇಳಿದರೆ ಇನ್ನೊಂದು ಅಪಾಯ.

ನಾಸಿಕ್‌ನಲ್ಲಿ ಜೀವ ಉಳಿಸುವ ಅದೇ ಗುಣ ಸಂಭಾಜಿನಗರದ ಲಾಡ್ಜಿನಲ್ಲಿ ನಮ್ಮ ಅತ್ತೆಯನ್ನು ಕೆಡವಿದ್ದು ಹೇಗೆ? ವಯಸ್ಸಾದಂತೆ ಮಿದುಳಿನಲ್ಲಿ ಅಸಿಟೈಲ್‌ಕೊಲಿನ್ ಕಡಿಮೆಯಾಗುತ್ತ ಬರುತ್ತದೆ. ಮೂತ್ರಪಿಂಡ, ಪಿತ್ತಜನಕಾಂಗ ಮದ್ದನ್ನು ನಿಧಾನವಾಗಿ ಹೊರಹಾಕುತ್ತವೆ. ಮೂವತ್ತರ ಹರೆಯದವನಿಗೆ ಬರೀ ತೂಕಡಿಕೆ ತರುವ ನೆಗಡಿ ಗುಳಿಗೆ ಎಪ್ಪತ್ತು ದಾಟಿದವರಿಗೆ ದಿಕ್ಕು ತಪ್ಪಿಸಬಹುದು. ಗಂಡಸರಲ್ಲಿ ಪ್ರಾಸ್ಟೇಟ್ ಮೊದಲೇ ದಾರಿಯನ್ನು ಒತ್ತಿರುತ್ತದೆ. ಮೇಲೆ ಮೂತ್ರಕೋಶದ ಬಲವನ್ನೂ ಕಿತ್ತುಕೊಂಡರೆ ಮೂತ್ರ ಕಟ್ಟಿಯೇಬಿಡುತ್ತದೆ. ಕಣ್ಣಿನ ಕೋನ ಕಿರಿದಾಗಿರುವವರಿಗೆ ಪಾಪೆ ಅರಳಿ ಕಣ್ಣೊತ್ತಡ ದಿಢೀರನೆ ಏರಬಹುದು. ಬೆವರಿಲ್ಲದ ಮೈಗೆ ಸಂಭಾಜಿನಗರದ ನಲವತ್ತು ಡಿಗ್ರಿಯ ಬಿಸಿಲಲ್ಲಿ ತಣ್ಣಗಾಗುವ ದಾರಿಯೇ ಇಲ್ಲ.

ಎಲ್ಲಕ್ಕಿಂತ ಮುಖ್ಯ, ಲೆಕ್ಕ. ಅಮೆರಿಕದ ವೈದ್ಯರು 2008ರಲ್ಲಿ ಇದಕ್ಕೊಂದು ಅಂಕದ ಪದ್ಧತಿ ಮಾಡಿದರು. ಒಣಗಿಸುವ ಬಲ ಕಡಿಮೆ ಇರುವ ಮದ್ದಿಗೆ 1, ಜೋರಾಗಿರುವುದಕ್ಕೆ 2 ಅಥವಾ 3. ಒಬ್ಬರ ಗುಳಿಗೆಗಳ ಅಂಕ ಕೂಡಿಸಿ ಮೊತ್ತ 3 ಅಥವಾ ಹೆಚ್ಚಾದರೆ ಎಚ್ಚರ. ಅತ್ತೆಯ ನಾಲ್ಕು ಗುಳಿಗೆಗೂ ಮೂರು ಮೂರು ಅಂಕ. ಒಟ್ಟು ಹನ್ನೆರಡು. ಎರಡು ಬರೆದವರು ಬೇರೆ ಬೇರೆ ವೈದ್ಯರು, ಎರಡು ತಂದುಕೊಟ್ಟವನು ನಾನು. ಮೂವರಲ್ಲಿ ಒಬ್ಬರೂ ಕೂಡಿಸಿ ನೋಡಿರಲಿಲ್ಲ.

ಒಂದು ರಾತ್ರಿಯ ಗೊಂದಲ ಬಂದರೆ ಕಣ್ಣಿಗೆ ಕಾಣುತ್ತದೆ, ಆಸ್ಪತ್ರೆಗೆ ಹೋಗುತ್ತೇವೆ. ನನ್ನನ್ನು ಹೆಚ್ಚು ಕಾಡುವುದು ಕಾಣದ ಹಾಗೆ ವರ್ಷಗಟ್ಟಲೆ ನಡೆಯುವ ಸವೆತ. ಅಮೆರಿಕದ ಸಿಯಾಟಲ್‌ನಲ್ಲಿ 3,434 ಹಿರಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಈ ಮದ್ದುಗಳನ್ನು ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಮರೆಗುಳಿತನ ಹೆಚ್ಚು ಕಂಡಿತು. ಬ್ರಿಟನ್ನಿನಲ್ಲಿ 58,769 ಮರೆಗುಳಿ ರೋಗಿಗಳ ದಾಖಲೆ ನೋಡಿದ 2019ರ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ತೋರಿಸಿತು. ಗುಳಿಗೆಯಿಂದಲೇ ಮರೆವು ಬಂತೆಂದು ಇವು ಸಾಬೀತು ಮಾಡುವುದಿಲ್ಲ, ಎರಡೂ ಜೊತೆಗೆ ಕಂಡವು ಅಂತ ಮಾತ್ರ ಹೇಳುತ್ತವೆ. ಆದರೂ ಹಿರಿಯರಿಗೆ ಸಾಧ್ಯವಾದಷ್ಟು ತಪ್ಪಿಸಬೇಕಾದ ಮದ್ದುಗಳ ಪಟ್ಟಿ ಒಂದಿದೆ, ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ ಶುರುಮಾಡಿದ್ದು. ಅದರ 2023ರ ಆವೃತ್ತಿಯಲ್ಲೂ ಹಳೆಯ ನೆಗಡಿ ಗುಳಿಗೆಗಳು ಇವೆ, ಅಮಿಟ್ರಿಪ್ಟಿಲಿನ್ ಇದೆ.

ಇನ್ನೊಂದು ವಿಚಿತ್ರವನ್ನು ಅನೇಕ ಮನೆಗಳಲ್ಲಿ ಕಾಣಬಹುದು. ಮೂತ್ರದ ಗುಳಿಗೆಯಿಂದ ಮಲಬದ್ಧತೆ, ಅದಕ್ಕೊಂದು ಪುಡಿ. ಬಾಯಿ ಒಣಗಿ ಹಲ್ಲು ಹುಳುಕು, ಅದಕ್ಕೆ ದಂತವೈದ್ಯರು. ಮರೆವು ಹೆಚ್ಚಾಯಿತೆಂದು ಡೊನೆಪೆಜಿಲ್. ಈ ಡೊನೆಪೆಜಿಲ್ ಮಾಡುವುದು ಏನು? ಕೊಲಿನ್‌ಎಸ್ಟರೇಸನ್ನು ತಡೆದು ಅಸಿಟೈಲ್‌ಕೊಲಿನ್ ಹೆಚ್ಚಿಸುವುದು. ಅದರಿಂದ ಮೂತ್ರದ ಅವಸರ ಇನ್ನಷ್ಟು ಹೆಚ್ಚಿ, ಅದಕ್ಕೆ ಮತ್ತೆ ಆಕ್ಸಿಬ್ಯುಟಿನಿನ್. ಬೆಳಿಗ್ಗೆ ತೂಬು ತೆರೆಯುವ ಗುಳಿಗೆ, ರಾತ್ರಿ ತೂಬು ಮುಚ್ಚುವ ಗುಳಿಗೆ, ನಡುವೆ ಒಂದು ಮುದಿ ಜೀವ. ಇದು ನಿಲ್ಲಬೇಕು. ನಿಲ್ಲಿಸುವುದು ಕಷ್ಟವೂ ಅಲ್ಲ.

ಇವತ್ತೇ ಮಾಡಬಹುದಾದ ಕೆಲಸ ಹೇಳುತ್ತೇನೆ. ಮನೆಯ ಹಿರಿಯರ ಗುಳಿಗೆ ಡಬ್ಬಿ ತೆಗೆಯಿರಿ. ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರು ಇರುತ್ತದೆ, ಅದನ್ನು ಬಿಡಿ. ಅದರ ಬಳಿ ಮದ್ದಿನ ಹೆಸರಿರುತ್ತದೆ. ಕನ್ನಡಕ ಹಾಕಿಕೊಂಡು ಅದನ್ನು ಓದಿ, ಒಂದು ಹಾಳೆಯಲ್ಲಿ ಬರೆಯಿರಿ. ವೈದ್ಯರನ್ನು ಕೇಳದೆ ತಂದ ನೆಗಡಿ, ಕೆಮ್ಮು, ವಾಂತಿ, ನಿದ್ದೆಯ ಮದ್ದುಗಳನ್ನೂ ಸೇರಿಸಿ. ಆ ಹಾಳೆಯನ್ನು ನಿಮ್ಮ ವೈದ್ಯರ ಮುಂದಿಟ್ಟು ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಇದರಲ್ಲಿ ಒಣಗಿಸುವ ಗುಳಿಗೆ ಎಷ್ಟಿವೆ, ಯಾವುದು ಬಿಡಬಹುದು?" ಬದಲಿಗಳಿವೆ. ಅಲರ್ಜಿಗೆ ಕ್ಲೋರ್‌ಫೆನಿರಮಿನ್ ಬದಲು ಫೆಕ್ಸೊಫೆನಡಿನ್, ಲೊರಾಟಡಿನ್ ಮಿದುಳಿಗೆ ಹಗುರ. ಮೂತ್ರದ ಅವಸರಕ್ಕೆ ಹೊತ್ತು ನೋಡಿ ಹೋಗುವ ಅಭ್ಯಾಸ, ಅದು ಸಾಲದಿದ್ದರೆ ಮಿರಬೆಗ್ರಾನ್ ಎಂಬ ಬೇರೆ ಜಾತಿಯ ಮದ್ದು. ಅದಕ್ಕೆ ಬಿಪಿ ನೋಡಿಕೊಳ್ಳಬೇಕು. ಬಸ್ಸಿಗೆ ಮುಂದಿನ ಸೀಟು, ಲಘು ಊಟ, ಒಂದು ಚೂರು ಶುಂಠಿ ಎಷ್ಟೋ ಜನರಿಗೆ ಸಾಕು.

ನೀವಾಗಿ ಏನನ್ನೂ ತಟ್ಟನೆ ನಿಲ್ಲಿಸಬೇಡಿ. ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ಅಮಿಟ್ರಿಪ್ಟಿಲಿನ್, ಟ್ರೈಹೆಕ್ಸಿಫೆನಿಡಿಲ್ ಇವನ್ನು ಹಂತ ಹಂತವಾಗಿ ಇಳಿಸಬೇಕು, ಅದೂ ವೈದ್ಯರು ಹೇಳಿದಂತೆ. ಮಾನಸಿಕ ಕಾಯಿಲೆಯ ಮದ್ದಿನ ಜೊತೆ ಪ್ಯಾಸಿಟೇನ್ ತೆಗೆದುಕೊಳ್ಳುವವರಿಗೆ ಅದು ಬೇಕಾಗಿಯೇ ಕೊಟ್ಟಿರುತ್ತಾರೆ.

ಮಕ್ಕಳ ವಿಷಯ ಎರಡು ಮಾತು. ಆರು ತಿಂಗಳೊಳಗಿನ ಕೂಸಿಗೆ ಹೊಟ್ಟೆನೋವೆಂದು ಡೈಸೈಕ್ಲೋಮಿನ್ ಹನಿ ಹಾಕಲೇಬಾರದು, ಉಸಿರಿಗೆ ತೊಂದರೆಯಾಗುತ್ತದೆ. ಕ್ಲೋರ್‌ಫೆನಿರಮಿನ್ ಮತ್ತು ಫೆನೈಲ್‌ಎಫ್ರಿನ್ ಸೇರಿದ ನೆಗಡಿ ಔಷಧವನ್ನು ನಾಲ್ಕು ವರ್ಷದ ಕೆಳಗಿನ ಮಕ್ಕಳಿಗೆ ಕೊಡಬಾರದೆಂದು ಡಬ್ಬಿಯ ಮೇಲೇ ಬರೆಯಬೇಕು ಅಂತ ಭಾರತದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆದೇಶಿಸಿದ್ದಾರೆ.

ನಮ್ಮ ಅತ್ತೆಗೆ ಆ ರಾತ್ರಿ ನಳಿಕೆ ಹಾಕಿ ಮೂತ್ರ ಇಳಿಸಿದರು, ಸಲೈನ್ ಕೊಟ್ಟರು, ನಾಲ್ಕು ಗುಳಿಗೆಯನ್ನೂ ತಡೆದರು. ಮಾರನೆಯ ಸಂಜೆ ಹಣೆಯ ಮೇಲೆ ಸಣ್ಣಗೆ ಬೆವರು ಮೂಡಿದ್ದನ್ನು ನರ್ಸು ನನ್ನನ್ನು ಕರೆದು ತೋರಿಸಿದಳು. ಮೂರನೆಯ ದಿನ ಬೆಳಿಗ್ಗೆ ಅತ್ತೆ ಚಹಾ ಕೇಳಿದರು, ಗೋಡೆಯ ಹುಡುಗರ ನೆನಪು ಅವರಿಗೆ ಇರಲಿಲ್ಲ. ಘೃಷ್ಣೇಶ್ವರನ ದರ್ಶನವೂ ಆಯಿತು. ಊರಿಗೆ ಬಂದ ಮೇಲೆ ಅವರ ವೈದ್ಯರು ಸೋಲಿಫೆನಾಸಿನ್ ಬಿಡಿಸಿದರು, ಅಂಗಾಲ ಉರಿಗೆ ಮದ್ದು ಬದಲಿಸಿದರು. ಈಗ ಅವರ ಕೈಚೀಲದಲ್ಲಿ ಗುಳಿಗೆಗಳ ಜೊತೆ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ಇದೆ.

ನಾಸಿಕ್-ತ್ರ್ಯಂಬಕೇಶ್ವರದ ಮುಂದಿನ ಸಿಂಹಸ್ಥ ಕುಂಭಮೇಳ 2026-27ರಲ್ಲಿ. ಕರ್ನಾಟಕದಿಂದ ಹೋಗುವವರಲ್ಲಿ ಅರವತ್ತು ದಾಟಿದವರು ಬಹಳ ಮಂದಿ ಇರುತ್ತಾರೆ. ಹೊರಡುವ ಒಂದು ವಾರ ಮೊದಲು ಅವರ ಗುಳಿಗೆಗಳ ಹಾಳೆ ಬರೆದು ವೈದ್ಯರಿಗೆ ತೋರಿಸಿ. ಯಾವ ಮದ್ದಿನಿಂದಲಾದರೂ ತೊಂದರೆಯಾದರೆ ಅದನ್ನು ರೋಗಿಯ ಕಡೆಯವರೇ ದೇಶದ ಔಷಧ ಸುರಕ್ಷತಾ ಸಹಾಯವಾಣಿಗೆ ತಿಳಿಸಬಹುದು, ಕರೆ ಉಚಿತ: 1800 180 3024.